ಮಣ್ಣಿನ ಗೋಡೆಯ ಬಲ ಮತ್ತು ತಂಪು: ಲೆಕ್ಕದಿಂದ ರುಜುವಾತು ಮಾಡುವ ಕ್ರಮ

ಕಾಫಿ ಕೊಯ್ಲು ಮುಗಿದು, ಅಡಿಕೆ ಒಣಗಿ ಮಂಡಿಗೆ ಹೋದ ಮೇಲೆ ಮುಂಗಾರಿಗೆ ಮುಂಚೆ ನಮಗೆ ಎರಡು ಮೂರು ತಿಂಗಳ ಬಿಡುವು ಸಿಗುತ್ತದೆ. ಕೂಲಿಯವರಿಗೆ ಮನೆ, ಮೆಣಸು ಕಾಫಿ ಇಡಲು ಉಗ್ರಾಣ, ಮಗನ ಸಂಸಾರಕ್ಕೊಂದು ಕೋಣೆ, ಹೀಗೆ ಕಟ್ಟಡದ ಯೋಚನೆಗಳೆಲ್ಲ ಈ ಕಾಲಕ್ಕೇ ಬರುತ್ತವೆ. ಸಣ್ಣ ಹಿಡುವಳಿಯ ಬೆಳೆಗಾರನಿಗೆ ಇಟ್ಟಿಗೆ, ಸಿಮೆಂಟು, ಲಾರಿ ಬಾಡಿಗೆಗಳ ವೆಚ್ಚ ಹೊರಲಾರದ ಭಾರ. ಮಣ್ಣು ಮಾತ್ರ ಹಿತ್ತಲಿನಲ್ಲೇ ಇದೆ. ಆದರೂ ಮಣ್ಣಿನ ಗೋಡೆ ಎಂದೊಡನೆ ಸಾಲದ ಅರ್ಜಿಯೂ ಪರವಾನಗಿಯ ಕಾಗದವೂ ನಿಂತುಬಿಡುತ್ತವೆ. ಜನಗಣತಿಯ ವಿಂಗಡಣೆಯಲ್ಲಿಯೇ ಮಣ್ಣು ಮತ್ತು ಹಸಿ ಇಟ್ಟಿಗೆಯ ಗೋಡೆ ‘ಕಚ್ಚಾ’ ಎಂಬ ಪಟ್ಟಿಗೆ ಸೇರಿದೆ.

‘ನಮ್ಮ ಅಜ್ಜ ಕಟ್ಟಿದ ಗೋಡೆ ಇನ್ನೂ ನಿಂತಿದೆ’ ಎಂಬುದು ನಿಜವಾದ ಮಾತೇ. ಆದರೆ ಇಂಜಿನಿಯರರ ಮೇಜಿನ ಮೇಲೆ ಅದು ಸಾಕ್ಷಿಯಾಗುವುದಿಲ್ಲ. ಅವರು ಕೇಳುವುದು ಎರಡೇ ಪ್ರಶ್ನೆ: ಈ ಗೋಡೆ ಎಷ್ಟು ಭಾರ ಹೊರುತ್ತದೆ? ಎಷ್ಟು ಶಾಖ ತಡೆಯುತ್ತದೆ? ಎರಡಕ್ಕೂ ಅಂಕಿಯಲ್ಲಿ ಉತ್ತರ ಕೊಡಲು ಸಾಧ್ಯವಿದೆ. ಲೆಕ್ಕವೂ ಕಷ್ಟದ್ದಲ್ಲ, ಪ್ರೌಢಶಾಲೆಯ ಗುಣಾಕಾರ ಭಾಗಾಕಾರ ಸಾಕು. ಆದರೆ ಒಂದು ಮಾತನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಒಣಗಿದ ಗೋಡೆಯ ಅಂಕಿಯನ್ನು ತೋರಿಸುವುದು ಸುಲಭ. ನಮ್ಮ ಮಲೆನಾಡಿನಲ್ಲಿ ಗೋಡೆಯ ನಿಜವಾದ ಪರೀಕ್ಷೆ ಆಷಾಢದಲ್ಲಿ ನಡೆಯುತ್ತದೆ. ಆದುದರಿಂದ ರುಜುವಾತು ಮಾಡಬೇಕಾದುದು ಒದ್ದೆಯಲ್ಲಿ ಗೋಡೆಯ ಗತಿ ಏನು ಎಂಬುದನ್ನು.

ಮೊದಲು ಗೋಡೆಯ ಜಾತಿ ಗುರುತಿಸಿ

ಮಣ್ಣಿನ ಗೋಡೆ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ವಸ್ತುಗಳಿವೆ. ಪ್ರತಿಯೊಂದಕ್ಕೂ ಭಾರತೀಯ ಮಾನಕ ಪ್ರತ್ಯೇಕವಾಗಿದೆ.

ಒಂದನೆಯದು ಹಸಿ ಮಣ್ಣಿನ ಗೋಡೆ. ಮಣ್ಣು ಕಲಸಿ ವರಸೆ ವರಸೆಯಾಗಿ ಇಟ್ಟದ್ದು ಅಥವಾ ಬಿಸಿಲಿಗೆ ಒಣಗಿಸಿದ ಹಸಿ ಇಟ್ಟಿಗೆಯಲ್ಲಿ ಕಟ್ಟಿದ್ದು. ಇದಕ್ಕೆ ಐ.ಎಸ್. 13827 ಎಂಬ 1993ರ ಮಾರ್ಗಸೂಚಿ ಇದೆ. ಎರಡನೆಯದು ಸಿಮೆಂಟು ಬೆರೆಸಿದ ಮಣ್ಣನ್ನು ಗೋಡೆಯ ಜಾಗದಲ್ಲಿಯೇ ಅಚ್ಚಿನ ನಡುವೆ ಗುದ್ದಿ ಎಬ್ಬಿಸಿದ ಗೋಡೆ, ಇದಕ್ಕೆ ಐ.ಎಸ್. 2110. ಮೂರನೆಯದು ಸ್ವಲ್ಪ ಸಿಮೆಂಟು ಸೇರಿಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಬ್ಲಾಕು, ಇದಕ್ಕೆ ಐ.ಎಸ್. 1725. ಈ ಮೂರನೆಯದರಲ್ಲಿ ನಮ್ಮ ರಾಜ್ಯದ ಪಾಲು ದೊಡ್ಡದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರಾರಂಭವಾದ ‘ಅಸ್ತ್ರ’ ಕೇಂದ್ರದಲ್ಲಿ ಪ್ರೊಫೆಸರ್ ಕೆ. ಎಸ್. ಜಗದೀಶ್ ಮತ್ತು ಅವರ ಸಹೋದ್ಯೋಗಿಗಳು ಕೈಯಿಂದ ಒತ್ತುವ ಯಂತ್ರವನ್ನೂ ಬ್ಲಾಕು ತಯಾರಿಸುವ ಕ್ರಮವನ್ನೂ ವರ್ಷಗಟ್ಟಲೆ ಅಭ್ಯಸಿಸಿ ಹದಕ್ಕೆ ತಂದರು.

ಅರ್ಜಿಯಲ್ಲಿ ಬರಿದೇ ‘ಮಣ್ಣಿನ ಗೋಡೆ’ ಎಂದು ಬರೆಯಬಾರದು. ಯಾವ ಜಾತಿ, ಯಾವ ಮಾನಕ ಎಂಬುದನ್ನು ಬರೆದರೆ ಅರ್ಧ ತಗಾದೆ ಅಲ್ಲಿಗೇ ಮುಗಿಯುತ್ತದೆ.

ಮಣ್ಣಿನ ಪರೀಕ್ಷೆ

ತೋಟದ ಮೇಲ್ಮಣ್ಣು ಗೋಡೆಗೆ ಸಲ್ಲದು. ಅದರಲ್ಲಿ ಎಲೆಗೊಬ್ಬರ, ಬೇರು, ಹುಳುಗಳಿರುತ್ತವೆ. ಅದರ ಸ್ಥಳ ಕಾಫಿ ಗಿಡದ ಬುಡ. ಎರಡು ಮೂರು ಅಡಿ ಕೆಳಗಿನ ಕೆಮ್ಮಣ್ಣನ್ನು ತೆಗೆಯಬೇಕು.

ಹಸಿ ಮಣ್ಣಿನ ಗೋಡೆಗೆ ಐ.ಎಸ್. 13827 ಹೇಳುವ ಒಂದು ಪರೀಕ್ಷೆ ಯಾರಾದರೂ ಮಾಡುವಂತಹುದು. ಮಣ್ಣನ್ನು ಕಲಸಿ 2 ಸೆಂ.ಮೀ. ಅಡ್ಡಳತೆಯ ಐದಾರು ಉಂಡೆ ಮಾಡಿ ಎರಡು ದಿನ ಒಣಗಿಸಿ. ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದಾಗ ಒಂದೂ ಒಡೆಯದಿದ್ದರೆ ಜೇಡಿಯ ಅಂಶ ಸಾಕಷ್ಟಿದೆ ಎಂದರ್ಥ. ಪುಡಿಯಾದರೆ ಆ ಮಣ್ಣು ಬೇಡ.

ಒತ್ತಿದ ಬ್ಲಾಕಿಗೆ ಬೇಕಾದುದು ಇದಕ್ಕೆ ಸ್ವಲ್ಪ ಬೇರೆ. ಅಲ್ಲಿ ಮರಳಿನ ಪಾಲು ಹೆಚ್ಚು, ಸುಮಾರು ಮೂರರಲ್ಲಿ ಎರಡು ಭಾಗ ಇರಬೇಕು. ಜೇಡಿ ನೂರಕ್ಕೆ 10ರಿಂದ 15 ಇದ್ದರೆ ಸಾಕು. ಗಾಜಿನ ಸೀಸೆಯಲ್ಲಿ ಮೂರನೇ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಸೇರಿಸಿ ಚೆನ್ನಾಗಿ ಕುಲುಕಿ ಇಡಿ. ಮರಳು ಕೂಡಲೇ ತಳಕ್ಕೆ ಕೂರುತ್ತದೆ. ಅದರ ಮೇಲೆ ಗೋಡು, ಕೊನೆಗೆ ಮರುದಿನದ ಹೊತ್ತಿಗೆ ಜೇಡಿ. ಪದರಗಳನ್ನು ಅಳತೆಪಟ್ಟಿಯಿಂದ ಅಳೆದು ಬರೆದುಕೊಳ್ಳಿ. ನಮ್ಮ ಕಡೆಯ ಅಂಟು ಮಣ್ಣಿಗೆ ಅನೇಕ ವೇಳೆ ಮರಳನ್ನೋ ಕಲ್ಲುಪುಡಿಯನ್ನೋ ಬೆರೆಸಬೇಕಾಗುತ್ತದೆ. ಬೆರೆಸದೆ ಸಿಮೆಂಟು ಸುರಿದರೆ ಹಣ ಹೋಗುತ್ತದೆ, ಬಲ ಬರುವುದಿಲ್ಲ.

ಬ್ಲಾಕಿನ ಬಲ: ತೂಗಿ ಒತ್ತಬೇಕು, ನೆನೆಸಿ ಪರೀಕ್ಷಿಸಬೇಕು

ಬ್ಲಾಕಿನ ಬಲ ಸಿಮೆಂಟಿನಲ್ಲಿ ಎಷ್ಟಿದೆಯೋ ಒತ್ತಡದ ಬಿಗಿಯಲ್ಲಿಯೂ ಅಷ್ಟೇ ಇದೆ. ಒಣ ಸಾಂದ್ರತೆ ಘನ ಸೆಂಟಿಮೀಟರಿಗೆ 1.8 ಗ್ರಾಂ ಬರಬೇಕೆಂಬುದು ಅನುಭವದಿಂದ ನಿಂತ ಅಳತೆ. ರೂಢಿಯಲ್ಲಿರುವ ಬ್ಲಾಕಿನ ಅಳತೆ 30.5 × 14.3 × 10 ಸೆಂ.ಮೀ.; ಇದರ ಗಾತ್ರ ಸುಮಾರು 4,360 ಘನ ಸೆಂ.ಮೀ. 1.8ರಿಂದ ಗುಣಿಸಿದರೆ ಒಣ ತೂಕ 7.8 ಕಿ.ಗ್ರಾಂ. ಮಣ್ಣಿನ ತೇವ ನೂರಕ್ಕೆ 11 ಇದ್ದರೆ ಅಚ್ಚಿಗೆ ಹಾಕಬೇಕಾದ ಮಣ್ಣು ಸುಮಾರು 8.7 ಕಿ.ಗ್ರಾಂ. ಪ್ರತಿ ಬ್ಲಾಕಿಗೂ ತಕ್ಕಡಿಯಲ್ಲಿ ತೂಗಿ ಹಾಕಬೇಕು; ಬುಟ್ಟಿಯ ಅಂದಾಜು ಸಾಲದು.

ಸಿಮೆಂಟು ನೂರಕ್ಕೆ 7ರಂತೆ ಹಾಕಿದರೆ ಒಂದು ಬ್ಲಾಕಿಗೆ ಅರ್ಧ ಕಿಲೋವಿಗಿಂತ ಸ್ವಲ್ಪ ಹೆಚ್ಚು ಬೇಕು; 50 ಕಿಲೋ ಚೀಲದಲ್ಲಿ ಸುಮಾರು 90 ಬ್ಲಾಕು ಬರುತ್ತವೆ. ಒತ್ತಿದ ಬ್ಲಾಕನ್ನು ನೆರಳಿನಲ್ಲಿ ಜೋಡಿಸಿ, ಹುಲ್ಲು ಅಥವಾ ಗೋಣಿ ಹೊದಿಸಿ, ಮೂರು ವಾರ ನೀರು ಚಿಮುಕಿಸಬೇಕು. ಬಿಸಿಲಿಗೆ ಬಿಟ್ಟರೆ ಹಾಕಿದ ಸಿಮೆಂಟು ವ್ಯರ್ಥ.

1982ರ ಐ.ಎಸ್. 1725 ಪ್ರಕಾರ ಬ್ಲಾಕಿಗೆ ಎರಡು ದರ್ಜೆಗಳಿದ್ದವು: ಚದರ ಸೆಂಟಿಮೀಟರಿಗೆ 20 ಕಿ.ಗ್ರಾಂ. ಮತ್ತು 30 ಕಿ.ಗ್ರಾಂ. ನೀರು ಹೀರುವ ಪ್ರಮಾಣ ನೂರಕ್ಕೆ 15 ಮೀರಬಾರದು ಎಂದಿತ್ತು. ಅಮೆರಿಕದ ನ್ಯೂ ಮೆಕ್ಸಿಕೋ ಸಂಸ್ಥಾನದ ಮಣ್ಣಿನ ಕಟ್ಟಡ ಸಂಹಿತೆ ಹಸಿ ಇಟ್ಟಿಗೆಗೆ ಕೇಳುವ ಸರಾಸರಿ ಬಲವೂ ಚದರ ಅಂಗುಲಕ್ಕೆ 300 ಪೌಂಡು, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 21 ಕಿ.ಗ್ರಾಂ. ನಮ್ಮ ಮಾನಕ 2013ರಲ್ಲಿ ಪರಿಷ್ಕಾರವಾಯಿತು. ಅರ್ಜಿ ಹಾಕುವಾಗ ಈಚಿನ ಪ್ರತಿಯಲ್ಲಿರುವ ದರ್ಜೆಯನ್ನೇ ನಮೂದಿಸತಕ್ಕದ್ದು. ನಮ್ಮ ಲೆಕ್ಕಕ್ಕೆ ಚದರ ಸೆಂಟಿಮೀಟರಿಗೆ 35 ಕಿ.ಗ್ರಾಂ. ಒದ್ದೆ ಬಲವನ್ನು ಗುರಿಯಾಗಿ ಇಟ್ಟುಕೊಳ್ಳೋಣ.

ಪರೀಕ್ಷೆಗೆ ರಾಶಿಯ ನಾನಾ ಕಡೆಯಿಂದ ಹತ್ತು ಬ್ಲಾಕು ಆರಿಸಿ. ಚೆನ್ನಾಗಿರುವುದನ್ನೇ ಹುಡುಕಿ ಕೊಡುವುದು ನಮಗೆ ನಾವೇ ಮಾಡಿಕೊಳ್ಳುವ ಮೋಸ. ಐದನ್ನು ಒಣಗಿದ ಸ್ಥಿತಿಯಲ್ಲಿಯೂ ಐದನ್ನು 48 ಗಂಟೆ ನೀರಿನಲ್ಲಿ ಮುಳುಗಿಸಿದ ಮೇಲೆಯೂ ಒಡೆಸಬೇಕು. ಬ್ಲಾಕಿನ ಮೇಲ್ಮೈ 436 ಚ.ಸೆಂ.ಮೀ.; 35 ಕಿ.ಗ್ರಾಂ. ಬಲ ತೋರಿಸಲು ಅದು 15 ಟನ್ನಿಗೂ ಮೇಲೆ ಹೊರಬೇಕು. ಇದು ಮನೆಯಲ್ಲಿ ಆಗುವ ಕೆಲಸವಲ್ಲ. ಸಿವಿಲ್ ವಿಭಾಗವಿರುವ ಇಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಬೇಕಾದ ಯಂತ್ರವಿರುತ್ತದೆ. ವರದಿಯಲ್ಲಿ ‘ನೆನೆಸಿದ ನಂತರ’ ಎಂಬ ಮಾತು ಸ್ಪಷ್ಟವಾಗಿ ಬರೆಯಿಸಿಕೊಳ್ಳಿ. ಒಣ ಬಲಕ್ಕಿಂತ ಒದ್ದೆ ಬಲ ಬಹಳ ಕಡಿಮೆ ಬರುವುದು ಸಹಜ, ಗಾಬರಿ ಬೇಡ. ಆ ಕಡಿಮೆ ಅಂಕಿಯೇ ನಮಗೆ ಬೇಕಾದ ಅಂಕಿ.

ನೀರು ಹೀರುವ ಲೆಕ್ಕವನ್ನು ಮಾತ್ರ ಮನೆಯಲ್ಲಿ ಮಾಡಬಹುದು. ಪೂರ್ತಿ ಒಣಗಿದ ಬ್ಲಾಕು 7.8 ಕಿ.ಗ್ರಾಂ. ಇದ್ದು, 24 ಗಂಟೆ ನೀರಿನಲ್ಲಿಟ್ಟ ಮೇಲೆ 8.8 ಆದರೆ ಹೀರಿದ್ದು 1 ಕಿ.ಗ್ರಾಂ. 7.8ರಿಂದ ಭಾಗಿಸಿದರೆ ನೂರಕ್ಕೆ 12.8. ಇದು ಮಿತಿಯೊಳಗೆ ಇದೆ.

ಇನ್ನು ಸಿಮೆಂಟಿಲ್ಲದ ಹಸಿ ಇಟ್ಟಿಗೆಯನ್ನು ನೀರಿನಲ್ಲಿ ಮುಳುಗಿಸಿದರೆ ಅದು ಕರಗಿ ಕೆಸರಾಗುತ್ತದೆ. ಆದುದರಿಂದ ಅಲ್ಲಿ ರುಜುವಾತಿನ ಕ್ರಮವೇ ಬೇರೆ: ನೀರು ಗೋಡೆಯನ್ನು ಮುಟ್ಟುವುದೇ ಇಲ್ಲ ಎಂಬುದನ್ನು ನಕ್ಷೆಯಲ್ಲಿ ತೋರಿಸಬೇಕು. ಕಾಡುಗಲ್ಲು ಅಥವಾ ಜಂಬಿಟ್ಟಿಗೆಯ ಪಂಚಾಂಗ ನೆಲದಿಂದ ಒಂದೂವರೆ ಎರಡು ಅಡಿ ಮೇಲೆದ್ದಿರಬೇಕು. ಅದರ ಮೇಲೆ ತೇವ ಏರದಂತೆ ಒಂದು ಪದರ ಇರಬೇಕು. ಸೂರು ಮೂರಡಿಯಾದರೂ ಮುಂದೆ ಚಾಚಿರಬೇಕು. ಹಿಂದಿನ ಧರೆಯ ನೀರು ಹರಿದುಹೋಗಲು ಚರಂಡಿ ಇರಬೇಕು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡ ಕುಸಿತದಲ್ಲಿ ಕಂಡಂತೆ ಧರೆಯೇ ಜರಿದುಬಂದರೆ ಯಾವ ಗೋಡೆಯೂ ನಿಲ್ಲದು. ಆದರೆ ಸಾಮಾನ್ಯ ಮಳೆಗೆ ಬೀಳುವ ಮಣ್ಣಿನ ಗೋಡೆ ಬಹುತೇಕ ಬುಡದಲ್ಲಿ ನೆನೆದೇ ಬೀಳುತ್ತದೆ.

ಗೋಡೆಯ ಮೇಲಿನ ಭಾರ

ಈಗ ಭಾರದ ಲೆಕ್ಕ. 45 ಸೆಂ.ಮೀ. ದಪ್ಪ, 3 ಮೀಟರು ಎತ್ತರದ ಹಸಿ ಮಣ್ಣಿನ ಗೋಡೆ; ಮೇಲೆ ಮಂಗಳೂರು ಹೆಂಚು; ಒಳಗೆ 4 ಮೀಟರು ಅಗಲದ ಕೋಣೆ; ಅಟ್ಟದಲ್ಲಿ ದಾಸ್ತಾನು. ಒಂದು ಮೀಟರು ಉದ್ದದ ಗೋಡೆಯನ್ನು ತೆಗೆದುಕೊಳ್ಳೋಣ.

ಗೋಡೆಯ ಸ್ವಂತ ತೂಕ: 0.45 × 3 × 1,750 = ಸುಮಾರು 2,360 ಕಿ.ಗ್ರಾಂ.
ಹೆಂಚು, ರೀಪು, ಪಕಾಸಿ, ಮೇಲೆ ಹತ್ತುವ ಆಳು, ಸೂರಿನ ಚಾಚು ಸೇರಿ: 600 ಕಿ.ಗ್ರಾಂ.
ಅಟ್ಟದ ಭಾರ ಚದರ ಮೀಟರಿಗೆ 500ರಂತೆ, ಅರ್ಧ ಕೋಣೆಯ 2 ಮೀಟರಿಗೆ: 1,000 ಕಿ.ಗ್ರಾಂ.
ಒಟ್ಟು: 3,960 ಕಿ.ಗ್ರಾಂ.

ಇದನ್ನು ಹೊರುವ ಬುಡದ ವಿಸ್ತೀರ್ಣ 45 × 100 = 4,500 ಚ.ಸೆಂ.ಮೀ. ಭಾಗಿಸಿದರೆ ಚದರ ಸೆಂಟಿಮೀಟರಿಗೆ 0.88 ಕಿ.ಗ್ರಾಂ. ಒಂದು ಕಿಲೋ ಕೂಡ ಇಲ್ಲ!

ಆದರೆ ಇಟ್ಟಿಗೆಯ ಬಲವೆಲ್ಲ ಗೋಡೆಗೆ ಬರುವುದಿಲ್ಲ. ಕಟ್ಟಡದ ಗೋಡೆಗಳ ಸಂಹಿತೆಯಾದ 1987ರ ಐ.ಎಸ್. 1905ರಲ್ಲಿ ಒಳ್ಳೆಯ ಗಾರೆಯಿದ್ದಾಗ ಅನುಮತಿಸುವ ಮೂಲ ಒತ್ತಡ ಇಟ್ಟಿಗೆಯ ಬಲದ ಹತ್ತನೇ ಒಂದು ಭಾಗದಷ್ಟು. ಗಾರೆ ದುರ್ಬಲವಾದರೆ ಇನ್ನೂ ಕಡಿಮೆ. ಈ ‘ಹತ್ತರಲ್ಲೊಂದು’ ನಿಯಮವನ್ನು ನಾವು ಮೊದಲ ಅಂದಾಜಿಗೆ ಬಳಸಬಹುದು. ಹಸಿ ಮಣ್ಣಿನ ಅಚ್ಚು ಒಣಗಿದಾಗ 12 ಕಿ.ಗ್ರಾಂ. ತೋರಿಸಿದರೆ ಗೋಡೆಗೆ ಸಿಗುವುದು 1.2, ಬೇಕಾದ್ದು 0.88. ಉಳಿಕೆ ಬಹಳವೇನೂ ಇಲ್ಲ. ಬುಡ ನೆನೆದರೆ ಆ ಉಳಿಕೆ ನಿಮಿಷದಲ್ಲಿ ಕರಗುತ್ತದೆ.

ಒತ್ತಿದ ಬ್ಲಾಕಿನ 30.5 ಸೆಂ.ಮೀ. ಗೋಡೆಗೆ ಇದೇ ಲೆಕ್ಕ ಮಾಡಿದರೆ ಸ್ವಂತ ತೂಕ 1,740, ಮೇಲಿನ ಭಾರ 1,600, ಒಟ್ಟು 3,340 ಕಿ.ಗ್ರಾಂ.; ಒತ್ತಡ 1.1. ಬ್ಲಾಕಿನ ಒದ್ದೆ ಬಲ 35 ಇದ್ದರೆ ಹತ್ತರಲ್ಲೊಂದು 3.5. ಗೋಡೆಯ ಎತ್ತರ ದಪ್ಪದ ಹತ್ತರಷ್ಟಿರುವುದರಿಂದ ಸಂಹಿತೆಯ ಪ್ರಕಾರ 0.89ರಿಂದ ಗುಣಿಸಬೇಕು, ಸಿಗುವುದು 3.1. ಬೇಕಾದ್ದಕ್ಕಿಂತ ಎರಡೂವರೆ ಪಟ್ಟಿಗೂ ಮೇಲೆ, ಅದೂ ನೆನೆದ ಸ್ಥಿತಿಯಲ್ಲಿ. ಈ ಒಂದು ಸಾಲು ಕಡತದಲ್ಲಿದ್ದರೆ ಬಲದ ಪ್ರಶ್ನೆ ಮುಗಿಯಿತು.

ಒಂದು ಎಚ್ಚರಿಕೆ. ಹರಡಿದ ಭಾರ ಬೇರೆ, ತೊಲೆಯ ತುದಿಯ ಭಾರ ಬೇರೆ. ಮೇಲಿನ ಅಟ್ಟದ ತೊಲೆಗಳು ಒಂದೂವರೆ ಮೀಟರಿಗೊಂದರಂತೆ ಇದ್ದರೆ ಪ್ರತಿ ತುದಿಯಲ್ಲಿ 1,500 ಕಿ.ಗ್ರಾಂ. ಇಳಿಯುತ್ತದೆ. ತುದಿ ಕೂರುವ ಜಾಗ 10 × 20 ಸೆಂ.ಮೀ. ಮಾತ್ರವಾದರೆ ಒತ್ತಡ 7.5! ಹಸಿ ಗೋಡೆ ಅಲ್ಲಿಂದಲೇ ಸೀಳುತ್ತದೆ. ಅದೇ ತೊಲೆಯ ಕೆಳಗೆ 60 × 30 ಸೆಂ.ಮೀ. ಹಾಸುಗಲ್ಲೋ ದಪ್ಪ ಹಲಗೆಯೋ ಇಟ್ಟರೆ ಒತ್ತಡ 0.83ಕ್ಕೆ ಇಳಿಯುತ್ತದೆ. ನಮ್ಮ ಹಿರಿಯರು ತೊಲೆಯ ಕೆಳಗೆ ಹಲಗೆ ಹಾಸುತ್ತಿದ್ದುದು ಅಲಂಕಾರಕ್ಕಲ್ಲ.

ಆಕಾರದ ನಿಯಮಗಳು

ಗೋಡೆ ಕೆಳಮುಖವಾಗಿ ಹೊರುವುದರಲ್ಲಿ ಗಟ್ಟಿಯಾದರೂ ಪಕ್ಕದಿಂದ ತಳ್ಳಿದರೆ ಬಡವ. ಗಾಳಿ, ಭೂಕಂಪ, ಪಕಾಸಿಯ ತಳ್ಳುವಿಕೆ ಇವೆಲ್ಲ ಪಕ್ಕದ ಬಲಗಳು. ಇದಕ್ಕಾಗಿ ಐ.ಎಸ್. 13827 ಹಸಿ ಗೋಡೆಗೆ ಸರಳ ಮಿತಿಗಳನ್ನು ಹೇಳಿದೆ. ಎತ್ತರ ದಪ್ಪದ 8 ಪಟ್ಟು ಮೀರಬಾರದು. ಎರಡು ಅಡ್ಡಗೋಡೆಗಳ ನಡುವಿನ ಉದ್ದ ದಪ್ಪದ 10 ಪಟ್ಟು ಮೀರಬಾರದು. ಜೊತೆಗೆ ದಪ್ಪದ ವರ್ಗವನ್ನು 64ರಿಂದ ಗುಣಿಸಿ ಎತ್ತರದಿಂದ ಭಾಗಿಸಿದಾಗ ಬರುವ ಅಂಕಿಯನ್ನೂ ಮೀರಬಾರದು. ಬಾಗಿಲು ಕಿಟಕಿಯ ಅಗಲ 1.2 ಮೀಟರಿಗೆ ಮೀರಬಾರದು, ಹೊರಮೂಲೆಯಿಂದ 1.2 ಮೀಟರಾದರೂ ದೂರವಿರಬೇಕು.

ನಮ್ಮ 45 ಸೆಂ.ಮೀ. ಗೋಡೆಗೆ ನೋಡೋಣ. ಎತ್ತರದ ಮಿತಿ 3.6 ಮೀ.; ನಮ್ಮದು 3, ಸರಿ. ಉದ್ದದ ಮಿತಿ ಒಂದು ಲೆಕ್ಕದಲ್ಲಿ 4.5, ಇನ್ನೊಂದರಲ್ಲಿ 64 × 0.2025 ÷ 3 = 4.32. ಚಿಕ್ಕದನ್ನೇ ಹಿಡಿಯಬೇಕು. ಅದಕ್ಕಿಂತ ಉದ್ದ ಬೇಕಾದರೆ ನಡುವೆ ಆನೆಕಾಲಿನಂತೆ ಒಂದು ಆಸರೆ ಕಟ್ಟಬೇಕು. ಇದೇ ಗೋಡೆಯನ್ನು ಖರ್ಚು ಉಳಿಸಲು 30 ಸೆಂ.ಮೀ.ಗೆ ಇಳಿಸಿದರೆ ಎತ್ತರದ ಮಿತಿ 2.4 ಮೀಟರು. ಮೂರು ಮೀಟರಿನ ಗೋಡೆ ಅಲ್ಲಿ ಅನುತ್ತೀರ್ಣ.

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಮಿ ನಡುಗಿ ಸುಮಾರು 8,000 ಜನ ಸತ್ತರು. ಮಣ್ಣಿನ ಗಾರೆಯ ಕಲ್ಲುಗೋಡೆಗಳ ಮೇಲೆ ದಪ್ಪ ಮಣ್ಣಿನ ಮಾಳಿಗೆಗಳಿದ್ದ ಮನೆಗಳು ಮಲಗಿದ್ದವರ ಮೇಲೆ ಕುಸಿದವು. ಮೇಲೆ ಭಾರ ಹೆಚ್ಚಿಸುವ ಮುನ್ನ ಇದನ್ನು ನೆನಪಿಡಬೇಕು.

ಶಾಖದ ಲೆಕ್ಕ

ಗೋಡೆಯ ಮೂಲಕ ಶಾಖ ಎಷ್ಟು ಹಾಯುತ್ತದೆ ಎಂಬುದಕ್ಕೆ ‘ಯು’ ಬೆಲೆ ಎಂಬ ಅಳತೆ ಇದೆ. ಎರಡು ಬದಿಯ ಉಷ್ಣತೆಯಲ್ಲಿ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಒಂದು ಚದರ ಮೀಟರು ಗೋಡೆ ಹಾಯಗೊಡುವ ಶಾಖ, ವ್ಯಾಟುಗಳಲ್ಲಿ. ಬೆಲೆ ಕಡಿಮೆಯಾದಷ್ಟೂ ಗೋಡೆ ಒಳ್ಳೆಯದು. ಲೆಕ್ಕ ಹೀಗೆ: ದಪ್ಪವನ್ನು ವಸ್ತುವಿನ ವಾಹಕತೆಯಿಂದ ಭಾಗಿಸಿ, ಗೋಡೆಯ ಎರಡೂ ಮೈಗೆ ಅಂಟಿದ ಗಾಳಿಯ ತಡೆಗಾಗಿ 0.17 ಕೂಡಿಸಿ, ಬಂದ ಮೊತ್ತದಿಂದ 1ನ್ನು ಭಾಗಿಸಿ. ನಮ್ಮ ದೇಶದ ಕೋಷ್ಟಕಗಳಲ್ಲಿ ವಾಹಕತೆ ಮಣ್ಣಿನ ಇಟ್ಟಿಗೆಗೆ 0.75, ಸುಟ್ಟ ಇಟ್ಟಿಗೆಗೆ 0.811, ಗಟ್ಟಿ ಕಾಂಕ್ರೀಟಿಗೆ 1.74.

ಮಣ್ಣಿನ ಗೋಡೆ 45 ಸೆಂ.ಮೀ.: 0.60 + 0.17 = 0.77; ಯು = 1.30
ಮಣ್ಣಿನ ಗೋಡೆ 30 ಸೆಂ.ಮೀ.: 0.40 + 0.17 = 0.57; ಯು = 1.75
ಸುಟ್ಟ ಇಟ್ಟಿಗೆ 23 ಸೆಂ.ಮೀ.: 0.28 + 0.17 = 0.45; ಯು = 2.2
ಗಟ್ಟಿ ಕಾಂಕ್ರೀಟು 20 ಸೆಂ.ಮೀ.: 0.115 + 0.17 = 0.285; ಯು = 3.5

ಐ.ಎಸ್. 3792 ಎಂಬ 1978ರ ಮಾರ್ಗದರ್ಶಿ ಬಿಸಿಲಿಗೆ ಒಡ್ಡಿದ ಗೋಡೆಗೆ ಹಾಕಿದ ಗರಿಷ್ಠ ಮಿತಿ ಬಿಸಿ ಪ್ರದೇಶಗಳಲ್ಲಿ 2.56, ಬೆಚ್ಚಗಿನ ತೇವದ ಪ್ರದೇಶದಲ್ಲಿ 2.91. ಮಣ್ಣಿನ ಗೋಡೆ ಎರಡನ್ನೂ ಸುಲಭವಾಗಿ ದಾಟುತ್ತದೆ. ಬರೇ ಕಾಂಕ್ರೀಟಿನ ಗೋಡೆ ದಾಟುವುದಿಲ್ಲ. ‘ಪಕ್ಕಾ’ ಎನ್ನಿಸಿಕೊಂಡದ್ದು ಸೋತು ‘ಕಚ್ಚಾ’ ಎನ್ನಿಸಿಕೊಂಡದ್ದು ಗೆಲ್ಲುವ ಜಾಗ ಇದು.

ಆದರೆ ಇದರ ಅರ್ಥವನ್ನು ಸರಿಯಾಗಿ ತಿಳಿಯಬೇಕು. ಮಣ್ಣು ತಾನಾಗಿ ಶಾಖನಿರೋಧಕ ವಸ್ತುವೇನಲ್ಲ. ಅದರ ವಾಹಕತೆ ಸುಟ್ಟ ಇಟ್ಟಿಗೆಯದಕ್ಕಿಂತ ತುಸು ಮಾತ್ರ ಕಡಿಮೆ. ಗೆದ್ದದ್ದು ದಪ್ಪ. ಬ್ಲಾಕನ್ನು ಬಿಗಿಯಾಗಿ ಒತ್ತಿದಷ್ಟೂ ಬಲ ಹೆಚ್ಚುತ್ತದೆ, ಜೊತೆಗೆ ಶಾಖ ಹಾಯುವುದೂ ಹೆಚ್ಚುತ್ತದೆ. ಯು ಬೆಲೆಯಲ್ಲಿ ಕಾಣದ ಇನ್ನೊಂದು ಗುಣವೂ ದಪ್ಪ ಗೋಡೆಗಿದೆ: ಹಗಲಿನ ಶಾಖವನ್ನು ತನ್ನಲ್ಲಿ ಹಿಡಿದಿಟ್ಟು ಎಷ್ಟೋ ಗಂಟೆ ತಡವಾಗಿ ಒಳಗೆ ಬಿಡುತ್ತದೆ. ಕಾಫಿ, ಮೆಣಸಿನ ಉಗ್ರಾಣಕ್ಕೆ ಈ ಏರಿಳಿತವಿಲ್ಲದ ಹವೆ ಬಹಳ ಉಪಯುಕ್ತ.

ಇಲ್ಲಿಯೂ ವೈರಿ ನೀರೇ. ಮಣ್ಣಿನ ಸಂದಿಗಳಲ್ಲಿ ಗಾಳಿ ಇರುವ ತನಕ ಶಾಖಕ್ಕೆ ತಡೆ. ಅದೇ ಸಂದಿಗೆ ನೀರು ತುಂಬಿದರೆ ಶಾಖಕ್ಕೆ ದಾರಿ. ಒದ್ದೆ ಗೋಡೆ ಬಲವನ್ನೂ ಕಳೆದುಕೊಳ್ಳುತ್ತದೆ, ತಡೆಯನ್ನೂ ಕಳೆದುಕೊಳ್ಳುತ್ತದೆ. ಮೇಲಾಗಿ ಒಳಗಿನ ಚೀಲಕ್ಕೆ ಬೂಷ್ಟು ಹಿಡಿಸುತ್ತದೆ. ಪಂಚಾಂಗ, ಸೂರು, ಚರಂಡಿಗಳ ನಕ್ಷೆ ಎರಡು ರುಜುವಾತಿಗೂ ಸಮಾನವಾಗಿ ಬೇಕು.

ಕೊನೆಗೆ ಮಾಡಿನ ಮಾತು. ಗೋಡೆ ಎಷ್ಟೇ ದಪ್ಪವಿದ್ದರೂ ಬರೇ ಹೆಂಚಿನ ಕೆಳಗೆ ಮಧ್ಯಾಹ್ನ ಕೂರಲಾಗುವುದಿಲ್ಲ. 2.5 ಸೆಂ.ಮೀ. ಹಲಗೆಯ ಮುಚ್ಚಿಗೆಯ ಮೇಲೆ 10 ಸೆಂ.ಮೀ. ಮಣ್ಣು ಹಾಸಿದರೆ ಅದರ ಯು ಬೆಲೆ ಸುಮಾರು 1.8. ಐ.ಎಸ್. 3792 ಮಾಡಿಗೆ ಹೇಳಿದ ಮಿತಿ 2.33, ಇದಕ್ಕೆ ಅದು ಸಲ್ಲುತ್ತದೆ. ಆದರೆ 2018ರ ಇಕೋ ನಿವಾಸ್ ಸಂಹಿತೆ ವಾಸದ ಕಟ್ಟಡಗಳ ಮಾಡಿಗೆ ಕೇಳುವುದು 1.2. ಅದು ಅನ್ವಯಿಸುವ ಕಡೆ ಹೆಂಚಿಗೂ ಮುಚ್ಚಿಗೆಗೂ ನಡುವೆ ಹಗುರವಾದ ನಿರೋಧಕ ಪದರ ಸೇರಿಸಬೇಕಾಗುತ್ತದೆ. ಮಣ್ಣನ್ನೇ ಇನ್ನೂ ದಪ್ಪ ಹಾಕುವುದು ಸರಿಯಲ್ಲ, 10 ಸೆಂ.ಮೀ. ಮಣ್ಣೇ ಚದರ ಮೀಟರಿಗೆ 160 ಕಿ.ಗ್ರಾಂ. ಭಾರ. ಅದನ್ನು ಮೇಲಿನ ಅಟ್ಟದ 500ರೊಳಗೇ ಹಿಡಿಸಬೇಕು.

ಕಡತದಲ್ಲಿ ಇರಬೇಕಾದ ಐದು ಹಾಳೆ

1. ಮಣ್ಣು ಎಲ್ಲಿಯದು, ಸೀಸೆ ಮತ್ತು ಉಂಡೆ ಪರೀಕ್ಷೆಯ ಫಲ, ಬೆರಕೆಯ ಪ್ರಮಾಣ.
2. ಪ್ರಯೋಗಶಾಲೆಯ ವರದಿ: ಒಣ ಬಲ, ನೆನೆಸಿದ ಬಲ, ನೀರು ಹೀರುವಿಕೆ, ದಿನಾಂಕ ಸಹಿತ.
3. ಭಾರದ ಲೆಕ್ಕ, ತೊಲೆಯ ತುದಿಯ ಒತ್ತಡ ಪ್ರತ್ಯೇಕವಾಗಿ.
4. ನಕ್ಷೆ: ದಪ್ಪ, ಎತ್ತರ, ಅಡ್ಡಗೋಡೆಗಳ ಅಂತರ, ಬಾಗಿಲು ಕಿಟಕಿ, ಪಂಚಾಂಗ, ಸೂರು, ಚರಂಡಿ.
5. ಗೋಡೆ ಮತ್ತು ಮಾಡಿನ ಯು ಬೆಲೆಯ ಲೆಕ್ಕ.

ಅರ್ಹ ಇಂಜಿನಿಯರರು ಇವನ್ನು ನೋಡಿ ರುಜು ಹಾಕಬೇಕು. ನಮ್ಮ ಲೆಕ್ಕ ಅವರ ಲೆಕ್ಕಕ್ಕೆ ಬದಲಿಯಲ್ಲ. ಆದರೆ ಬರಿಗೈಯಲ್ಲಿ ಹೋಗಿ ‘ಆಗುತ್ತದೆಯೇ’ ಎಂದು ಕೇಳುವುದಕ್ಕೂ ಈ ಐದು ಹಾಳೆ ಇಟ್ಟು ‘ತಪ್ಪಿದ್ದರೆ ತೋರಿಸಿ’ ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. ಅಕ್ಕಪಕ್ಕದ ನಾಲ್ಕೈದು ಸದಸ್ಯರು ಒಂದೇ ಗುಡ್ಡದ ಮಣ್ಣು ಬಳಸುವುದಾದರೆ ಪರೀಕ್ಷೆಯ ಖರ್ಚನ್ನು ಹಂಚಿಕೊಳ್ಳಬಹುದು. ಬೆರಕೆ ಬದಲಾದರೆ ಮಾತ್ರ ಹೊಸ ಪರೀಕ್ಷೆ ಮಾಡಿಸಲೇಬೇಕು.

ಅಭ್ಯಾಸ

ಹಸಿ ಇಟ್ಟಿಗೆಯ ಗೋಡೆ 38 ಸೆಂ.ಮೀ. ದಪ್ಪ, 3 ಮೀಟರು ಎತ್ತರ, ಕೋಣೆಯ ಉದ್ದ 5 ಮೀಟರು. ಇದು ಆಕಾರದ ನಿಯಮಕ್ಕೆ ಒಪ್ಪುತ್ತದೆಯೇ? ಯು ಬೆಲೆ ಎಷ್ಟು? ಕೆಳಗಿನ ಉತ್ತರ ನೋಡುವ ಮುನ್ನ ತಾವೇ ಲೆಕ್ಕ ಹಾಕಿ ನೋಡುವುದು.

ಉತ್ತರ: ಎತ್ತರದ ಮಿತಿ 3.04 ಮೀ., ಒಪ್ಪುತ್ತದೆ. ಉದ್ದದ ಮಿತಿ 3.08 ಮೀ.; 5 ಮೀಟರಿನ ಗೋಡೆ ಒಪ್ಪುವುದಿಲ್ಲ. ನಡುವೆ ಒಂದು ಆಸರೆ ಕಟ್ಟಿದರೆ ಎರಡೂ ಭಾಗ ಎರಡೂವರೆ ಮೀಟರಾಗಿ ಒಪ್ಪುತ್ತದೆ. ಯು ಬೆಲೆ 1.48, ಮಿತಿಯೊಳಗಿದೆ.